ಹಾಸು ಮುಗಿಯುವ ತನಕ

ಹೋದ ತಿಂಗಳು ಗದ್ವಾಲಿಗೆ ಹೋಗಿದ್ದೆ. ತಂಗಿಯ ಮಗಳ ಮದುವೆಗೆ ಸೀರೆ ನೋಡುವುದಿತ್ತು. ಅಂಗಡಿಯವರು ಹತ್ತು ಸೀರೆ ಬಿಚ್ಚಿ ಹಾಕಿ, ಚಹಾ ಕುಡಿಸಿ, ಕಡೆಗೆ ತಮಗೆ ಬೇಕಾದದ್ದನ್ನೇ ಕಟ್ಟಿಕೊಡುತ್ತಾರೆಂದು ನಾನೇ ಹಟ ಹಿಡಿದು ಎಲ್ಲರನ್ನೂ ಮಗ್ಗದವರ ಓಣಿಗೆ ಎಳೆದುಕೊಂಡು ಹೋದೆ. ಅಲ್ಲೊಂದು ಕಡೆ ಗಂಡ ಹೆಂಡತಿ ಇಬ್ಬರು ಎರಡು ಕಂಬಗಳ ನಡುವೆ ನೂಲನ್ನು ಉದ್ದಕ್ಕೆ ಬಿಗಿದು ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಹುಳಿ ಬಂದ ಗಂಜಿ, ಅದರ ಮೇಲೆ ಬಿಸಿಲು. ತಂಗಿ ಮೂಗಿಗೆ ಸೆರಗು ಹಿಡಿದಳು. ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಅದು ನಾರಾಯಣಪೇಟೆಯಲ್ಲಿ ನಮ್ಮ ಎದುರುಮನೆಯ ವಾಸನೆ. ಹದಿನಾರು ವರ್ಷದಿಂದ ನಾನು ಬೇಕೆಂದೇ ದೂರ ಇಟ್ಟ ವಾಸನೆ...

ತಲೆನೋವೆಂದು ಸುಳ್ಳು ಹೇಳಿ ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ಸುಳ್ಳು ಹೇಳುವುದು ನನಗೆ ಹೊಸತಲ್ಲ. ಹಾಗೆ ಹೇಳಿದ ಒಂದು ಸುಳ್ಳಿನ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎದುರುಮನೆಯವರನ್ನು ನಾವು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ರಕ್ತಸಂಬಂಧವೇನೂ ಇರಲಿಲ್ಲ. ಒಂದೇ ಓಣಿ, ಒಂದೇ ನಳ, ಅವರ ಮನೆಯಲ್ಲಿ ಮಾಡಿದ ಪಲ್ಯ ನಮ್ಮ ಮನೆಯಲ್ಲಿ ಉಣ್ಣುವ ಬಳಕೆ. ಅವರ ಮನೆಯ ಮುಂದಿನ ಖೋಲಿಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ಒಂದು ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಮೇಲೆ ಲಾಳಿ ಓಡಿಸಬೇಕು. ಚಿಕ್ಕಂದಿನಲ್ಲಿ ನಾನು ಕಾಕಾನನ್ನು ಹೆಚ್ಚಾಗಿ ಸೊಂಟದ ಮೇಲಷ್ಟೇ ನೋಡಿದವಳು. ಅವರು ಎದ್ದು ನಿಂತರೆ ಅಷ್ಟು ಎತ್ತರವೆಂದು ತಿಳಿದಾಗ ನನಗೆ ನಗು ಬಂದಿತ್ತು. ಮನುಷ್ಯ ಮಾತಿಗಿಂತ ಮಗ್ಗದ ಸಪ್ಪಳ ಹೆಚ್ಚು ಮಾಡುವವರು. ನೂಲು ಕೊಟ್ಟು ಸೀರೆ ಕೊಳ್ಳುವ ಸಾವುಕಾರನ ಜೋಡಿ ಉರ್ದು, ಪೇಟೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಮೂರರಲ್ಲೂ ಮಿತವಾಗಿಯೇ ಮಾತಾಡುತ್ತಿದ್ದರು.

ನಮ್ಮಲ್ಲಿ ಸೀರೆ ಒಂದೊಂದಾಗಿ ನೇಯುವುದಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಹಾಕುವ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಲ್ಲಿ ಎಂಟು ಸೀರೆ. ಎಂಟೂ ಮುಗಿಯುವ ತನಕ ಕಾಕಾ ಕತ್ತರಿ ಮುಟ್ಟುತ್ತಿರಲಿಲ್ಲ, ನೇಯ್ದದ್ದನ್ನೆಲ್ಲ ಮುಂದಿನ ಮರದ ದಿಂಡಿಗೆ ಸುತ್ತುತ್ತ ಹೋಗುತ್ತಿದ್ದರು. ಮತ್ತೆ ಆ ಎಂಟಕ್ಕೂ ಒಂದೇ ಕೈ ಆಗಬೇಕು. ಅಡ್ಡನೂಲು ಬಿಗಿಯಲು ಒಬ್ಬೊಬ್ಬರು ಹಣಿಗೆ ಬಡಿಯುವ ಏಟು ಒಂದೊಂದು ಥರ. ನಡುವೆ ಬೇರೆಯವರು ಕೂತರೆ ಬಟ್ಟೆಯ ಮೇಲೆ ಅಡ್ಡಕ್ಕೆ ಗೆರೆ ಬೀಳುತ್ತದೆ, ಸಾವುಕಾರ ಬೆರಳಾಡಿಸಿ ಹಿಡಿದುಬಿಡುತ್ತಾನೆ. ಜ್ವರ ಬಂದರೂ ಮದುವೆ ಬಂದರೂ ಹಾಸು ನಿಂತಿರುತ್ತದೆಯೇ ಹೊರತು ಇನ್ನೊಬ್ಬರನ್ನು ಕೂಡಿಸುವುದಿಲ್ಲ. ಕಾಕಾಗೆ ಇದು ದೇವರ ಮಾತಿಗಿಂತ ದೊಡ್ಡದಾಗಿತ್ತು.

ಐವತ್ತೆರಡನೆಯ ವಯಸ್ಸಿಗೆ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಹೈದರಾಬಾದಿಗೆ ಒಯ್ದು ಸ್ಟೆಂಟ್ ಹಾಕಿಸಿಕೊಂಡು ಬಂದರು. ಜೋಡಿ ಒಂದು ಚೀಲ ಗುಳಿಗೆ. ಆಗ ನಾನು ಊರಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಓಣಿಗೆಲ್ಲ ಇಂಗ್ಲಿಷ್ ಓದಿದವಳು ನಾನೊಬ್ಬಳೇ ಎಂಬ ಜಂಬ ಬೇರೆ. ಡಾಕ್ಟರ ಚೀಟಿ ಓದಿ, ಒಂದೊಂದು ಗುಳಿಗೆಯ ಪೊಟ್ಟಣದ ಮೇಲೂ ಬೆಳಿಗ್ಗೆ, ರಾತ್ರಿ, ಉಂಡ ಮೇಲೆ ಎಂದು ತೆಲುಗು ಅಕ್ಷರದಲ್ಲಿ ಬರೆದುಕೊಟ್ಟೆ. ಕಾಕಾಗೆ ಓದಲು ಬರುತ್ತಿದ್ದದ್ದು ಅದೊಂದೇ. ಒಂದು ಬಿಳಿಯ ಗುಳಿಗೆ ರಾತ್ರಿಯದು. ರಕ್ತದೊಳಗಿನ ಕೊಬ್ಬು ಇಳಿಸುವ ಗುಳಿಗೆ ಎಂದು ಅದರ ಮೇಲೆ ದಪ್ಪಗೆ ಬರೆದಿದ್ದೆ.

ಆಮೇಲೆ ಶುರುವಾಯಿತು ನೋಡಿ ಊರಿನವರ ವೈದ್ಯ. ನೋಡಲು ಬಂದವರೆಲ್ಲ ಡಾಕ್ಟರೇ. ಒಬ್ಬರು ಬೆಳ್ಳುಳ್ಳಿ ಎಂದರು, ಇನ್ನೊಬ್ಬರು ಮೆಂತ್ಯದ ನೀರು ಎಂದರು. ಕೊತ್ತಪಲ್ಲಿಯಿಂದ ಬಂದ ಒಬ್ಬ ಹಿರಿಯರಂತೂ ಕಾಕಾನ ಮಂಚದ ಮೇಲೇ ಕೂತು, "ಮಾಂಸ ಮುಟ್ಟದ ಮನಿ ನಿಮ್ಮದು, ನಿಮಗೆಲ್ಲಿಂದ ಬಂತ್ರೀ ಕೊಬ್ಬು? ಇದೆಲ್ಲಾ ಡಾಕ್ಟರುಗಳ ಆಟ ಐತಿ" ಎಂದು ಹೇಳಿ, ಕಾಕು ಕೊಟ್ಟ ಅವಲಕ್ಕಿ ಎರಡು ಸಲ ಹಾಕಿಸಿಕೊಂಡು ತಿಂದು ಹೋದರು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಕಾಕು ಯಾರ ಮಾತೂ ಕೇಳಲಿಲ್ಲ. ಡಾಕ್ಟರು ಹೇಳಿದ್ದನ್ನಷ್ಟೇ ಹಿಡಿದರು. ಬೆಣ್ಣೆ, ತುಪ್ಪ, ವನಸ್ಪತಿ, ಕರಿದದ್ದು ಎಲ್ಲ ಆ ಮನೆಯ ಹೊಸ್ತಿಲಾಚೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಚಟ್ನಿಗೆ ಅಗಸಿ ಹಿಂಡಿ, ಮಜ್ಜಿಗೆ. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುವುದನ್ನು ನಾನು ಮೊದಲು ನೋಡಿದ್ದು ಅವರ ಅಡುಗೆಮನೆಯಲ್ಲೇ. ಕಾಕಾ ಕೂಡ ಒಂದು ದಿನ ತಕರಾರು ಮಾಡಲಿಲ್ಲ. ಆರು ತಿಂಗಳಿಗೊಮ್ಮೆ ಹೈದರಾಬಾದಿಗೆ ತೋರಿಸಲು ಹೋಗುವಾಗ ಕೋಸಗಿಯಲ್ಲಿ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಬಿಸಿ ಎಣ್ಣೆಯಿಂದ ತೆಗೆಯುವ ಮಿರ್ಚಿ ಬಜಿ ಎಂದರೆ ಅವರಿಗೆ ಜೀವ. ಈಗ ಮುಖ ಆಚೆ ತಿರುವಿಕೊಂಡು ಕೂಡುತ್ತಿದ್ದರು, ಮಾತು ಬಿಟ್ಟ ಬೀಗರನ್ನು ಕಂಡವರ ಹಾಗೆ. ಮೊದಲ ಸಲದ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಕಾಕು ಆ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು.

ಮಗ್ಗ ಬಿಡಬೇಕಾದೀತೋ ಏನೋ ಎಂಬ ಅಂಜಿಕೆ ಮಾತ್ರ ಕಾಕಾಗೆ ಹೋಗಿರಲಿಲ್ಲ. ಮೊದಲು ಡಾಕ್ಟರು ಮೂರು ತಿಂಗಳು ಮಗ್ಗಕ್ಕೆ ಕೂಡಬೇಡಿ ಎಂದಿದ್ದರು. ಆ ಮೂರು ತಿಂಗಳು ಅವರು ಖಾಲಿ ಗುಂಡಿಯ ಬದಿಗೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕಾಲ ಕಳೆದರು. ಮುಖ ನೋಡಲಾಗುತ್ತಿರಲಿಲ್ಲ. ಮತ್ತೆ ಮಗ್ಗಕ್ಕೆ ಇಳಿದ ದಿನ ಓಣಿಗೆಲ್ಲ ಕೇಳುವ ಹಾಗೆ ಸಪ್ಪಳ ಮಾಡಿದರು. ನಾನು ಶಾಲೆಗೆ ಹೊರಟವಳು ನಿಂತು ಕೇಳಿ ನಕ್ಕಿದ್ದೆ.

ಅಷ್ಟರಲ್ಲಿ ನನ್ನ ಮದುವೆ ಮಕ್ತಲದವರ ಮನೆಗೆ ನಿಶ್ಚಯವಾಯಿತು. ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಉಡುವ ಸೀರೆ ಕಾಕಾನ ಕೈಯದೇ ಆಗಬೇಕೆಂದು ನಾನೇ ಕೇಳಿದೆ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಹೋಗಿ, ನಾನೇ ಬಣ್ಣ ಹೇಳಿ, ನಾನೇ ಕೇಳಿದ್ದು. ಕುಂಕುಮದ ಬಣ್ಣದ ಒಡಲು, ಹಳದಿ ಅಂಚು. ಕಾಕಾ ಬಹಳ ಸಂತೋಷಪಟ್ಟರು. ಸಾವುಕಾರನಿಗೆ ಹೇಳಿ ಅದೇ ಬಣ್ಣದ ಹಾಸು ಹಾಕಿಸಿಕೊಂಡರು. "ಎಂಟರಾಗ ಮೊದಲನೇದು ನಿಂದು, ಉಳಿದ ಏಳು ಅವನವು" ಎಂದರು.

ಒಂದು ಭಾನುವಾರ ಮುಂಜಾನೆ ನನ್ನ ಸೀರೆ ಎಷ್ಟಾಯಿತೆಂದು ನೋಡಲು ಹೋದೆ. ಕಾಕು ನೀರಿಗೆ ಹೋಗಿದ್ದರು. ಕಾಕಾ ಗುಂಡಿಯಲ್ಲೇ ಇದ್ದರು. ಪಕ್ಕದ ಗೋಡೆಯ ಗೂಡಿನಲ್ಲಿ ಹರಕು ನೂಲಿನ ಉಂಡೆಗಳ ಹಿಂದೆ ಏನೋ ಮಿಂಚಿತು. ಕೈ ಹಾಕಿ ತೆಗೆದೆ. ಬಿಳಿಯ ಗುಳಿಗೆಯ ಪಟ್ಟಿಗಳು, ಒಂದೂ ಒಡೆದಿರಲಿಲ್ಲ. ನಾನೇ ಬರೆದುಕೊಟ್ಟ ಪೊಟ್ಟಣ.

"ಕಾಕಾ, ಇದೇನ್ರೀ?"

ಅವರು ಲಾಳಿ ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಕಳ್ಳತನದಲ್ಲಿ ಸಿಕ್ಕವರ ಹಾಗೆ ಸಣ್ಣಗೆ ನಕ್ಕು ಹೇಳಿದರು. "ಉಳಿದವೆಲ್ಲಾ ಬರಾಬರ್ ನುಂಗತೀನವ್ವ. ಇದೊಂದು ನುಂಗಿದ್ರ ಮೀನಗಂಡ ಹಿಡಕೊಂತಾವ. ಹಲಗಿ ತುಳ್ಯಾಕ ಆಗಂಗಿಲ್ಲ, ಕಾಲು ಕಲ್ಲು ಆಗಿಬಿಡತಾವ."

"ಮತ್ತ ರಿಪೋರ್ಟ್ ಚಲೋ ಬಂತಲ್ರೀ?"

"ತೋರಸಾಕ ಹೋಗೂ ಮುಂದ ಒಂದು ತಿಂಗಳು ತೊಗೊತೀನಿ. ಆ ತಿಂಗಳು ನೂಲು ಬಂದಿಲ್ಲಂತ ಹೇಳಿ ಮಗ್ಗ ನಿಂದರಸತೀನಿ. ಈ ಹಾಸು ಮುಗೀಲಿ, ಆಮ್ಯಾಲ ಒಂದು ದಿನಾನೂ ತಪ್ಪಸಂಗಿಲ್ಲ. ನಿನ್ನ ಸೀರಿ ಐತಿ ಇದರಾಗ. ನಿಮ್ಮ ಕಾಕುನ ಮುಂದ ಬಾಯಿ ಬಿಡಬ್ಯಾಡ, ಡಾಕ್ಟರಿಗೂ ಹೇಳಬ್ಯಾಡ. ಮಗ್ಗಾನ ಬಿಡು ಅಂತಾರ ಅವರು."

ನಾನು ಆಯ್ತು ಎಂದೆ. ಪಟ್ಟಿಗಳನ್ನು ಮೊದಲಿದ್ದ ಹಾಗೆಯೇ ನೂಲಿನ ಹಿಂದೆ ಇಟ್ಟೆ. ಆಮೇಲೆ ಬಗ್ಗಿ ನನ್ನ ಸೀರೆಯ ಅಂಚು ನೋಡಿ ಎಷ್ಟು ಚೆಂದ ಬಂದಿದೆ ಎಂದೆ.

ಹಾಸು ಮುಗಿಯಲಿ... ಅದೇ ಮಾತನ್ನು ನಾನು ಇಷ್ಟು ವರ್ಷ ಬಾಯಲ್ಲಿ ಹಾಕಿಕೊಂಡು ಅಗಿದಿದ್ದೇನೆ. ಹಾಸು ಮುಗಿಯುವುದೆಂಬುದು ಇಲ್ಲವೇ ಇಲ್ಲ. ಎಂಟನೆಯ ಸೀರೆ ಆದ ಮೇಲೆ ಹಳೆಯ ನೂಲಿನ ತುದಿಗಳನ್ನು ಮಗ್ಗದಲ್ಲಿ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೂಡಿಸಿ ಎಳೆದುಕೊಳ್ಳುತ್ತಾರೆ. ಆ ಮಗ್ಗದ ಮೇಲೆ ಕಾಕಾನ ಅಪ್ಪನ ಕಾಲದಿಂದ ಒಂದಕ್ಕೊಂದು ಕೂಡಿಕೊಂಡೇ ಬಂದ ನೂಲಿತ್ತು. ಎಳೆ ಕೂಡಿಸುವಾಗ ಬದಿಗೆ ಕೂತು ತುದಿ ಎತ್ತಿಕೊಟ್ಟವಳು ನಾನು. ಕಾಕಾ ತಮಗೆ ತಾವೇ ಮೋಸ ಮಾಡಿಕೊಂಡರು ಎನ್ನಬಹುದು. ನಾನು? ನನಗೆ ಗೊತ್ತಿತ್ತು, ಸೀರೆ ಬೇಕಾಗಿತ್ತು, ಅಷ್ಟೇ.

ಮುಂದಿನ ಸಲ ಹೈದರಾಬಾದಿಗೆ ಹೋಗುವಾಗ ಕಾಕುಗೆ ಮೈ ಸರಿ ಇರಲಿಲ್ಲ. ಜೋಡಿಗೆ ನಾನು ಹೋದೆ. ರಕ್ತ ಕೊಟ್ಟು, ಮಧ್ಯಾಹ್ನ ಡಾಕ್ಟರ ಮುಂದೆ ಕೂತೆವು. ರಿಪೋರ್ಟು ಚೆನ್ನಾಗಿಯೇ ಇತ್ತು, ಇರದೆ ಏನು, ತಿಂಗಳಿಡೀ ನುಂಗಿದ್ದರಲ್ಲ. ಕಾಕಾಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ಡಾಕ್ಟರು ಕೇಳಿದ್ದು ನನ್ನನ್ನು. ಓದಿದವರ ಹಾಗೆ ಕಾಣುವವರ ಜೋಡಿಯೇ ಅವರಿಗೆ ಮಾತು. ಗುಳಿಗೆಯಿಂದ ಏನಾದರೂ ತ್ರಾಸು ಇದೆಯೇ, ಕೈಕಾಲು ನೋವು, ಸೆಳೆತ? ಎಂದು ಪೆನ್ನು ಹಿಡಿದುಕೊಂಡೇ ಕೇಳಿದರು.

ಇಷ್ಟು ಸ್ಪಷ್ಟವಾಗಿ ಕೇಳಿದರು. ಕೈಕಾಲು ನೋವು ಎಂಬ ಮಾತನ್ನು ತಮ್ಮ ಬಾಯಿಂದಲೇ ಅಂದರು.

ಕಾಕಾ ನನ್ನ ಮುಖ ನೋಡಿದರು. ಅವರ ಕೈ ಮೊಳಕಾಲ ಮೇಲಿತ್ತು. ನಾನು ಇಂಗ್ಲಿಷಿನಲ್ಲಿ, "ನೋ ಪ್ರಾಬ್ಲಂ ಸಾರ್" ಎಂದೆ. ಡಾಕ್ಟರು ಫೈಲಿನಲ್ಲಿ ಏನೋ ಬರೆದು, ಇದನ್ನೇ ಮುಂದುವರಿಸಿ ಎಂದರು. ಹೊರಗೆ ಬಂದ ಮೇಲೆ ಕಾಕಾ ನನಗೆ ಕಬ್ಬಿನ ಹಾಲು ಕೊಡಿಸಿದರು. ತಾವು ಕುಡಿಯಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಊಟ ಬಲ್ಲವರು ಅವರು, ಮಾತು ಬಲ್ಲವಳು ನಾನು. ಎಂಥ ಜೋಡಿ!

ಅದಾಗಿ ಎರಡು ತಿಂಗಳಿಗೆ, ಮುಂಜಾನೆ ಹತ್ತರ ಹೊತ್ತಿಗೆ, ಆರನೆಯ ಸೀರೆಯ ಅರ್ಧದಲ್ಲಿ ಮಗ್ಗದ ಸಪ್ಪಳ ನಿಂತಿತು. ಕಾಕು ರೊಟ್ಟಿ ಬಡಿಯುತ್ತಿದ್ದರಂತೆ. ನೂಲು ಹರಿದಿರಬೇಕು ಎಂದುಕೊಂಡು ಇನ್ನೊಂದು ರೊಟ್ಟಿ ಬಡಿದರಂತೆ. ಆಮೇಲೆ ಬಂದು ನೋಡಿದರೆ ಕಾಕಾ ಬಟ್ಟೆಯ ಮೇಲೆ ತಲೆ ಇಟ್ಟುಕೊಂಡಿದ್ದರು. ಗುಂಡಿಯಿಂದ ಎತ್ತಲು ನಾಲ್ಕು ಜನ ಬೇಕಾಯಿತು. ಗಾಡಿ ಮಾಡಿ ಅದೇ ಹೈದರಾಬಾದಿನ ದಾರಿ ಹಿಡಿದರು. ದಾರಿಯಲ್ಲಿ ಸಿಗುವ ನಮ್ಮ ಕಡೆಯ ಮದ್ದೂರನ್ನು ಕಾಕಾ ಜೀವಂತ ದಾಟಲಿಲ್ಲ. ನಾನು ಶಾಲೆಯಲ್ಲಿದ್ದೆ. ಮಧ್ಯಾಹ್ನ ಮನೆಗೆ ಬಂದಾಗ ಓಣಿಯಲ್ಲಿ ಜನ ಸೇರಿದ್ದರು...

ಐದನೆಯ ದಿನವೋ ಆರನೆಯ ದಿನವೋ, ಕಾಕು ಗೂಡು ಬಳಿದು ತೆಗೆಯುವಾಗ ಗುಳಿಗೆಯ ಪಟ್ಟಿಗಳು ಸಿಕ್ಕವು. ಅವನ್ನು ಮಡಿಲಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನಾನೊಬ್ಬಳೇ ಇದ್ದೆ. ಒಂದೊಂದನ್ನೇ ನೆಲದ ಮೇಲೆ ಹರವಿ, "ಇವರು ಇವನ್ನ ನುಂಗತಿದ್ದಿಲ್ಲಂತ ನಿನಗ ಗೊತ್ತಿತ್ತೇನವ್ವ?" ಎಂದು ಕೇಳಿದರು.

"ಇಲ್ಲ ಕಾಕು, ನನಗ ಹೆಂಗ ಗೊತ್ತಾಗಬೇಕು" ಎಂದೆ.

ಹೌದೇನು ಎಂದು ಅವರು ಪಟ್ಟಿಗಳನ್ನು ಆರಿಸಿಕೊಂಡು ಹೋದರು.

ಕಾಕುನ ತಮ್ಮ ಬಂದು ಉಳಿದ ಹಾಸು ನೇಯ್ದು ಮುಗಿಸಿದ. ಆರನೆಯ ಸೀರೆಯ ನಡುವೆ ಗೆರೆ ಬಿತ್ತು. ಸಾವುಕಾರ ಬೆರಳಾಡಿಸಿ, ಕೈ ಬದಲಾಗೈತಿ ಎಂದು ಆ ಒಂದನ್ನು ಮರಳಿಸಿದ. ಹಾಸಿನ ಮೇಲೆ ಮನುಷ್ಯ ಸತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಆ ಸೀರೆಯನ್ನು ಕಾಕು ಮನೆಯಲ್ಲಿ ನೀರು ತರುವಾಗ, ಮುಸುರೆ ತಿಕ್ಕುವಾಗ, ಹರಿಯುವ ತನಕ ಉಟ್ಟರು. ಮೊದಲನೆಯ ಸೀರೆಯನ್ನು ನನ್ನ ಮದುವೆಗೆ ಎಂಟು ದಿನ ಇರುವಾಗ ತಾವೇ ತಂದುಕೊಟ್ಟರು. "ಉಟಗೋ ಹೋಗವ್ವ. ಇದರಾಗ ಏನೂ ಕಮ್ಮಿ ಇಲ್ಲ" ಎಂದರು. ನಾನು ಉಟ್ಟೆ. ಎಲ್ಲರೂ ಹೊಗಳಿದರು. ಆವತ್ತಿನಿಂದ ಕಾಕು ನನ್ನ ಜೋಡಿ ಮಾತಾಡುವುದನ್ನು ಬಿಟ್ಟರು. ದುಃಖದಲ್ಲಿದ್ದಾರೆ, ಮದುವೆಯಾದವಳ ಮುಂದೆ ಬರಲು ಹಿಂಜರಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನಸ್ಸು ತನಗೆ ಬೇಕಾದ ಹಾಗೆ ಲೆಕ್ಕ ಹಾಕಿಕೊಳ್ಳುತ್ತದೆ.

ಈಗಿನ ಮಾತಿಗೆ ಬರುತ್ತೇನೆ. ಈ ವರ್ಷ ನನ್ನ ರಕ್ತದಲ್ಲೂ ಕೊಲೆಸ್ಟ್ರಾಲ್ ಹೆಚ್ಚಾಗಿದೆ. ನಮ್ಮಪ್ಪನಿಗೂ ಎದೆನೋವು ಬಂದು ಹೋದದ್ದರಿಂದ ಡಾಕ್ಟರು ನನಗೂ ಗುಳಿಗೆ ಕೊಟ್ಟರು. ತಿಂಗಳಾಗುವಷ್ಟರಲ್ಲಿ ಮೀನಖಂಡಗಳು ಬಿಗಿಯತೊಡಗಿದವು. ತರಗತಿಯಲ್ಲಿ ಹಲಗೆಯ ಮುಂದೆ ನಿಂತರೆ ಕಾಲು ಕಲ್ಲು. ಕಾಕಾ ಅಂದಿದ್ದ ಅದೇ ಮಾತು. ಗದ್ವಾಲಿನಿಂದ ಬಂದ ಮರುವಾರ ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರು ಒಂದು ರಕ್ತಪರೀಕ್ಷೆ ಮಾಡಿಸಿ ನೋಡಿ, ಆ ಗುಳಿಗೆಯ ಹೆಸರು ಹೊಡೆದುಹಾಕಿ ಇನ್ನೊಂದು ಬರೆದರು.

"ಇಷ್ಟೇನಾ ಡಾಕ್ಟ್ರೇ?" ಎಂದೆ.

"ಇಷ್ಟೇ ಅಮ್ಮಾ. ಹೇಳಿದರೆ ಬದಲಿಸುತ್ತೇವೆ. ಹೇಳದೆ ಬಿಟ್ಟರೆ ನಮಗೆ ಹೇಗೆ ತಿಳಿಯಬೇಕು?"

ಚೀಟಿ ಬದಲಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಅದನ್ನು ಹಿಡಿದುಕೊಂಡು ಹೊರಗೆ ಬಂದೆ. ಕಾಕಾ ಮಗ್ಗ ಬಿಡಬೇಕಾಗಿರಲಿಲ್ಲ, ಏನೂ ಬಿಡಬೇಕಾಗಿರಲಿಲ್ಲ. ಸಿಟ್ಟು ಬಂತು. ಆ ಡಾಕ್ಟರ ಮೇಲೆ, ಸಾವುಕಾರನ ಮೇಲೆ, ಸತ್ತವರ ಮೇಲೆ ಕೂಡ. ಎಲ್ಲರ ಮೇಲೂ ಬಂದು, ಕಡೆಗೆ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂತು.

ಕಾಕು ಈಗ ಮಕ್ತಲದಲ್ಲೇ ಮಗಳ ಮನೆಯಲ್ಲಿದ್ದಾರೆ, ನಮ್ಮ ಮನೆಗೆ ನಾಲ್ಕು ಓಣಿ ಆಚೆ. ಹೊಸ ಗುಳಿಗೆ ಶುರುಮಾಡಿದ ಮೂರನೆಯ ವಾರ, ಧೈರ್ಯ ಮಾಡಿ ಹೋದೆ. ಅವರು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ನನಗೆ ಗೊತ್ತಿತ್ತೆಂದು ಹೇಳಿದೆ. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಗುಳಿಗೆ ಬದಲಿಸುತ್ತಿದ್ದರೆಂದು ಹೇಳಿದೆ. ಅವರು ಪೂರಾ ಕೇಳಿದರು.

"ಅದು ನನಗ ಆವಾಗಿಂದನ ಗೊತ್ತೈತಿ" ಎಂದರು. "ಕರ್ಮ ಮುಗದ ಮ್ಯಾಲ ಆ ಗುಳಿಗಿ ತೊಗೊಂಡು, ತಮ್ಮನ್ನ ಕರಕೊಂಡು ಹೈದರಾಬಾದಿಗೆ ಹೋಗಿದ್ನಿ. ಡಾಕ್ಟರು ಫೈಲ್ ತೆಗದು ನೋಡಿದ್ರು. ಕಾಲ್ನೋವು ಐತೇನಂತ ಕೇಳೀನಿ, ಜೋಡಿ ಬಂದಿದ್ದ ಹುಡುಗಿ ಏನೂ ಇಲ್ಲ ಅಂದಾಳ ಅಂತ ಬರದೀನಿ ನೋಡ್ರಿ ಅಂದ್ರು."

ಬೀಜ ಒಂದೊಂದೇ ಬಟ್ಟಲಿಗೆ ಬೀಳುತ್ತಿತ್ತು. "ಮತ್ತ ಸೀರಿ ಯಾಕ ಕೊಟ್ರಿ ಕಾಕು?" ಎಂದು ಕೇಳಿದೆ. ಕೇಳಬಾರದಿತ್ತು.

"ನಿನಗಂತ ನೇದಿದ್ರು ಅವರು. ತಡಿಯಾಕ ನಾ ಯಾರು?"

ಅಷ್ಟೇ ಅಂದರು. ಬಯ್ಯುತ್ತಾರೇನೋ ಎಂದು ನಿಂತೆ. ಅವರು ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡರು. ನಾನು ಹಿಂದಿರುಗಿದೆ. ನಾಲ್ಕು ಓಣಿ ನಡೆದು ಮನೆಗೆ ಬಂದೆ. ಕಾಲು ಒಂದಿಷ್ಟೂ ನೋಯಲಿಲ್ಲ.